‘ಪವರ್ ಹಾಕ್ಲಾ ಸಾರ್, ನಾರ್ಮಲ್ಲಾ?’: ನಿಮ್ಮ ಗಾಡಿಗೆ ಯಾವ ಪೆಟ್ರೋಲ್?

ಬಂಕಿನ ಹುಡುಗ ಪೈಪು ಹಿಡಿದು ಕೇಳುತ್ತಾನೆ. ಪವರ್ ಅಂದರೆ ದುಬಾರಿ ಪೆಟ್ರೋಲು, ನಾರ್ಮಲ್ ಅಂದರೆ ಸಾದಾ. ಹಿಂದಿನವರು ಹಾರ್ನ್ ಹೊಡೆಯುತ್ತಿರುತ್ತಾರೆ. ಯೋಚಿಸಲು ಪುರುಸೊತ್ತಿಲ್ಲ, ‘ಹ್ಞೂಂ, ಹಾಕು’ ಅಂದುಬಿಡುತ್ತೇವೆ. ಈ ಉತ್ತರವನ್ನು ಮನೆಯಲ್ಲೇ ಸಿದ್ಧ ಮಾಡಿಕೊಂಡು ಹೋಗಬೇಕು.

ಮೊದಲು ಟ್ಯಾಂಕಿನ ಮುಚ್ಚಳದ ಹತ್ತಿರ ನೋಡಿ. ಹೊಸ ಗಾಡಿಯಾದರೆ ಅಲ್ಲೇ ‘ಇ20’ ಸ್ಟಿಕ್ಕರ್ ಇರುತ್ತದೆ, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಎಂಬ ಆಲ್ಕೋಹಾಲ್ ಬೆರೆತ ಪೆಟ್ರೋಲು ಅದಕ್ಕೆ ಆಗುತ್ತದೆ. ಆಮೇಲೆ ಗಾಡಿ ಜೊತೆ ಕೊಟ್ಟ ಪುಸ್ತಕ ಹುಡುಕಿ. ಕವರ್ ಕೂಡ ಬಿಚ್ಚದೆ ಸೀಟಿನ ಕೆಳಗೆಲ್ಲೋ ಬಿದ್ದಿರುತ್ತದೆ, ಅಲ್ವಾ? ಅದರಲ್ಲಿ ಎರಡು ವಿಷಯ ಬೇಕು: ಆಕ್ಟೇನ್ ಕನಿಷ್ಠ ಎಷ್ಟಿರಬೇಕು, ಎಥೆನಾಲ್ ಎಷ್ಟರವರೆಗೆ ಆಗುತ್ತದೆ.

ಆಕ್ಟೇನ್ ಅಂದರೆ ಪೆಟ್ರೋಲಿನ ತಾಳ್ಮೆ ಅಂದುಕೊಳ್ಳಿ. ಇಂಜಿನ್ ಒಳಗೆ ಪೆಟ್ರೋಲು, ಗಾಳಿ ಎರಡನ್ನೂ ಒತ್ತಿ ಹಿಡಿದಾಗ, ಪ್ಲಗ್ ಕಿಡಿ ಕೊಡುವವರೆಗೆ ಅದು ಕಾಯಬೇಕು. ತಾಳ್ಮೆ ಕಮ್ಮಿ ಇದ್ದರೆ ಅಲ್ಲಲ್ಲಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆಗುಂಬೆ ಘಾಟಿಯಲ್ಲಿ ಹಿಂದೊಬ್ಬರನ್ನು ಕೂರಿಸಿಕೊಂಡು ಟಾಪ್ ಗೇರಿನಲ್ಲೇ ಎಳೆಸಿ ನೋಡಿ. ತಗಡಿನ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ಸದ್ದು ಬರುತ್ತದೆ. ಅದೇ ನಾಕಿಂಗ್. ತಕ್ಷಣ ದುಬಾರಿ ಪೆಟ್ರೋಲಿಗೆ ಓಡಬೇಡಿ, ಮೊದಲು ಗೇರ್ ಇಳಿಸಿ. ಸರಿಯಾದ ಗೇರಿನಲ್ಲೂ ಸದ್ದು ನಿಲ್ಲದಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ.

ಗಾಡಿ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮದ ಪ್ರಕಾರ ಸಾದಾ ಪೆಟ್ರೋಲಿನ ಆಕ್ಟೇನ್ ಕನಿಷ್ಠ 91. ಪುಸ್ತಕದಲ್ಲಿ 91 ಅಂತಿದ್ದರೆ 95ರ ಪೆಟ್ರೋಲು ಸುಮ್ನೆ ದಂಡ. ಕೆಲವು ಟರ್ಬೊ ಕಾರು, ಸ್ಪೋರ್ಟ್ಸ್ ಬೈಕುಗಳಿಗೆ 95 ಬೇಕು ಅಂತಲೇ ಬರೆದಿರುತ್ತಾರೆ. ಅಲ್ಲಿ ಜಿಪುಣತನ ಬೇಡ. 100 ಆಕ್ಟೇನಿನದು ದುಬಾರಿ ಸೂಪರ್‌ಬೈಕುಗಳ ವ್ಯವಹಾರ, ಅದನ್ನು ಬಿಡಿ.

‘ಪವರ್ ಹಾಕಿದರೆ ಮೈಲೇಜ್ ಜಾಸ್ತಿ’ ಅನ್ನುವವರು ಲೆಕ್ಕ ಹಾಕಿ ನೋಡಲಿ. ಪೈಪು ತಾನಾಗಿ ‘ಟಕ್’ ಅಂತ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ, ಮೀಟರ್ ಬರೆದುಕೊಳ್ಳಿ. ಮುನ್ನೂರು ಕಿ.ಮೀ. ಓಡಿಸಿ ಮತ್ತೆ ಹಾಗೇ ತುಂಬಿಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಎರಡೂ ಬಗೆಯ ಪೆಟ್ರೋಲಿಗೆ ಇದನ್ನೇ ಮಾಡಿ. ಸಾದಾ 103 ರೂಪಾಯಿ, ಪವರ್ 111 ಅಂತಿಟ್ಟುಕೊಳ್ಳಿ. ಲೀಟರಿಗೆ 45 ಕಿ.ಮೀ. ಕೊಡುವ ಬೈಕು ಪವರ್ ಹಾಕಿದಾಗ 48.5 ಕೊಟ್ಟರೆ ಮಾತ್ರ ಅಸಲು. ನನ್ನ ಬೈಕಂತೂ ಕೊಡಲಿಲ್ಲ.

ಇನ್ನು ಎಥೆನಾಲ್. ಇಲ್ಲಿ ಆಯ್ಕೆ ಅನ್ನುವುದು ಹೆಸರಿಗೆ ಮಾತ್ರ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್ ಸಮ್ಮೇಳನದಲ್ಲಿ ಶುರುವಾದ ಇ20 ಪೆಟ್ರೋಲೇ ಈಗ ಹೆಚ್ಚುಕಮ್ಮಿ ಎಲ್ಲ ಬಂಕಿನಲ್ಲೂ ಸಿಗುವುದು. ಎಥೆನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಮ್ಮಿ. ಹಾಗಾಗಿ ಮೈಲೇಜ್ ತುಸು ಇಳಿಯುತ್ತದೆ. 2023ರ ಏಪ್ರಿಲ್‌ಗಿಂತ ಹಳೆಯ ಗಾಡಿಯಾದರೆ ಸರ್ವಿಸ್‌ಗೆ ಬಿಟ್ಟಾಗ ಎಥೆನಾಲಿನಿಂದಾಗಿ ಪೆಟ್ರೋಲ್ ಪೈಪು, ರಬ್ಬರ್ ವಾಷರ್ ಮೆತ್ತಗಾಗಿವೆಯಾ, ಬಿರುಕು ಬಿಟ್ಟಿವೆಯಾ ಅಂತ ನೋಡಿಸಿ.

ಅದಕ್ಕಿಂತ ದೊಡ್ಡ ಕಾಟ ನೀರಿನದು. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳ ಸೇರುತ್ತವೆ. ನನ್ನ ಹಳೇ ಸ್ಕೂಟರನ್ನು ಒಂದು ಮಳೆಗಾಲ ಪೂರ್ತಿ ಊರಲ್ಲೇ ಬಿಟ್ಟಿದ್ದೆ. ಕಿಕ್ ಹೊಡೆದು ಹೊಡೆದು ಕಾಲು ಸೋತಿತು. ಮೆಕ್ಯಾನಿಕ್ ಟ್ಯಾಂಕಿನದನ್ನು ಗಾಜಿನ ಬಾಟಲಿಗೆ ಬಸಿದು ಬಿಸಿಲಿಗೆ ಹಿಡಿದರು. ಮೇಲೆ ಪೆಟ್ರೋಲು, ಅಡಿಯಲ್ಲಿ ಎರಡು ಬೆರಳಷ್ಟು ಕದಡಿದ ನೀರಿನಂಥದ್ದು. ‘ಇದನ್ನ ಕುಡಿದು ಅದು ಹೇಗೆ ಓಡಬೇಕು ಹೇಳಿ?’ ಅಂದರು. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಮುಚ್ಚಳ ಬಿಗಿಯಾಗಿದೆಯಾ ನೋಡಿ. ಕಾರ್ಬೊರೇಟರ್ ಗಾಡಿಗೆ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬೊರೇಟರಿನಲ್ಲಿ ಉಳಿದದ್ದನ್ನು ಬಸಿದುಬಿಡಿ.

ಬಂಕಿನವರೇ ಕಲಬೆರಕೆ ಮಾಡಿದ್ದಾರೆ ಅಂತ ಅನುಮಾನ ಬಂದರೆ ಫಿಲ್ಟರ್ ಪೇಪರ್ ಕೇಳಿ. ಅದನ್ನು ಅವರು ಇಟ್ಟಿರಲೇಬೇಕು. ಪೈಪಿನ ಬಾಯಿ ಒರೆಸಿ ಒಂದು ಹನಿ ಬಿಡಿ. ಒಂದೆರಡು ನಿಮಿಷದಲ್ಲಿ ಕಲೆ ಇಲ್ಲದೆ ಆರಿದರೆ ಸರಿ. ಅಳತೆ ಕಮ್ಮಿ ಅನ್ನಿಸಿದರೆ ಐದು ಲೀಟರಿನ ಅಳತೆ ಪಾತ್ರೆಯಲ್ಲಿ ಹಾಕಿ ತೋರಿಸಲು ಹೇಳಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ ಬಿಡಿ.