ವರ್ಷದ ನಡುವೆ ಹೊಸ ರೂಮ್‌ಮೇಟ್ ಬರುವಾಗ ಕೋಣೆ ಸಿದ್ಧಪಡಿಸುವುದು ಹೇಗೆ?

ಎರಡನೆಯ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಧಾರವಾಡದ ಹಾಸ್ಟೆಲುಗಳಲ್ಲಿ ಒಂದಿಷ್ಟು ಮಂಚಗಳು ಖಾಲಿಯಾಗುತ್ತವೆ. ಬೇರೆ ಕಡೆ ಸೀಟು ಸಿಕ್ಕಿತೆಂದು ಒಬ್ಬರು, ನೌಕರಿ ಬಂತೆಂದು ಇನ್ನೊಬ್ಬರು, ಮನೆಯ ಅಡಚಣೆಗೆ ಓದು ನಿಲ್ಲಿಸಿ ಮತ್ತೊಬ್ಬರು ಹೊರಟುಹೋಗುತ್ತಾರೆ. ಪಾಳಿಯಲ್ಲಿ ಕಾಯುತ್ತಿದ್ದವರು ಆ ಜಾಗಕ್ಕೆ ಬರುತ್ತಾರೆ. ಹನ್ನೊಂದು ವರ್ಷ ಹಾಸ್ಟೆಲ್ ವಾರ್ಡನ್ ಆಗಿದ್ದ ನಾನು ಕಂಡಂತೆ, ಇಂಥ ಜೋಡಿಗಳು ಕೆಡುವುದು ಸ್ವಭಾವದ ಭೇದದಿಂದಲ್ಲ, ಮೊದಲ ದಿನ ಜಾಗ ಸಿಗದೆ. ವರ್ಷದ ಆರಂಭದಲ್ಲಿ ಇಬ್ಬರೂ ಕೂಡಿ ಬಂದರೆ ಕೋಣೆ ತಾನಾಗಿಯೇ ಎರಡು ಪಾಲಾಗುತ್ತದೆ. ನಡುವೆ ಬಂದವರು ಮಾತ್ರ ಶುಲ್ಕ ಕಟ್ಟಿಯೂ ಬೇರೊಬ್ಬರ ಮನೆಗೆ ಬಂದಂತೆ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

ರೋಣದ ಕಡೆಯಿಂದ ಒಬ್ಬ ಹುಡುಗ ತಂದೆಯೊಂದಿಗೆ ಬಂದಿದ್ದ. ಮಂಚದ ಮೇಲೆ ಹಳಬನ ಒಗೆದ ಬಟ್ಟೆ, ಪುಸ್ತಕ, ಕ್ರಿಕೆಟ್ ಬ್ಯಾಟು ಹರಡಿದ್ದವು. "ಬಂದ ಮ್ಯಾಲೆ ತಗದ್ರಾತು ಬಿಡ್ರಿ ಸರ" ಎಂದು ಆತ ಹಿಂದಿನ ದಿನವಷ್ಟೇ ನನಗೆ ಹೇಳಿದ್ದ. ಆ ತಂದೆ ರೊಟ್ಟಿಯ ಗಂಟನ್ನು ಕೆಳಗಿಡಲು ಜಾಗ ಕಾಣದೆ, ಟ್ರಂಕಿನ ಮೇಲೆ ಕುಳಿತು, ಅದನ್ನು ಅರ್ಧ ತಾಸು ತೊಡೆಯ ಮೇಲೇ ಇಟ್ಟುಕೊಂಡಿದ್ದರು. ಒಂಬತ್ತನೆಯ ದಿನ ಹುಡುಗ ಸಪ್ತಾಪುರದ ಪಿಜಿಯೊಂದಕ್ಕೆ ಹೋದ.

ಆದ್ದರಿಂದ ಹೊಸಬರು ಬರುವ ದಿನ ಯಾವುದು, ಅವರ ಹೆಸರು, ಕೋರ್ಸು ಏನು ಎಂದು ಕಚೇರಿಯಲ್ಲಿ ಕೇಳಿಕೊಂಡು, ಆ ದಿನಕ್ಕಿಂತ ಎರಡು ದಿನ ಮುಂಚೆಯೇ ಕೆಲಸ ಹಿಡಿಯಿರಿ.

ಮೊದಲು ಮಂಚ. ಅದರ ಮೇಲಿನದನ್ನೆಲ್ಲ ತೆಗೆದು, ಗೋಡೆಯಿಂದ ಎಳೆದು, ಅಡಿಯ ಕಸ ಗುಡಿಸಿ. ಹೋದವರು ಗಾದಿ ಬಿಟ್ಟಿದ್ದರೆ ಅದರ ಅಂಚಿನ ಹೊಲಿಗೆಯನ್ನು ಬೆರಳಿನಿಂದ ಬಿಡಿಸುತ್ತ ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಪೂರ್ತಿ ಒಂದು ಸುತ್ತು ನೋಡಬೇಕು. ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು, ಸುಲಿದ ಹಳದಿ ಪೊರೆಗಳು ಕಂಡರೆ ಅಲ್ಲಿ ತಗಣಿ ಇವೆ. ಅವು ಹಾರುವುದಿಲ್ಲ, ಸಾಮಾನಿನೊಂದಿಗೆ ಊರು ಬದಲಿಸುತ್ತವೆ. ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ಬದುಕುತ್ತವೆ. ಹೀಗಾಗಿ ಮಂಚ ಎರಡು ತಿಂಗಳಿನಿಂದ ಖಾಲಿ ಇತ್ತು ಎಂಬ ಮಾತನ್ನು ನಂಬಬೇಡಿ. ಕಬ್ಬಿಣದ ಮಂಚವಾದರೆ ಬೋಲ್ಟಿನ ತೂತು ಮತ್ತು ಕೂಡುಗಳಿಗೆ ಕುದಿಯುವ ನೀರು ಹೊಯ್ಯಿರಿ; ಬಟ್ಟೆ, ಕೌದಿಗಳನ್ನು ಬಿಸಿನೀರಿನಲ್ಲಿ ನೆನೆಸಿ ಒಗೆಯಿರಿ. ಹೊಲಿಗೆಯಲ್ಲೆಲ್ಲ ತಗಣಿ ಹಿಡಿದ ಗಾದಿಯನ್ನು ಉಳಿಸಿಕೊಳ್ಳುವ ಆಸೆ ಬೇಡ, ವಾರ್ಡನ್‌ಗೆ ತಿಳಿಸಿ ಹೊರಹಾಕಿಸಿ. ಜಿರಳೆ, ಇರುವೆಗಳಿಗೆಂದು ಮಾರುವ ಸೀಮೆಸುಣ್ಣದ ಗೆರೆ ಎಳೆದು ಕೆಲಸ ಮುಗಿಯಿತೆನ್ನುವವರನ್ನು ಬಹಳ ಜನ ನೋಡಿದ್ದೇನೆ. ಹೊಲಿಗೆಯೊಳಗೆ ಕುಳಿತ ತಗಣಿಗೆ ಅದು ಏನೂ ಮಾಡುವುದಿಲ್ಲ. ಅವುಗಳ ತತ್ತಿ ಒಡೆಯಲು ವಾರದಿಂದ ಹತ್ತು ದಿನ ಹಿಡಿಯುವುದರಿಂದ, ಹದಿನೈದು ದಿನದ ಮೇಲೆ ಇದನ್ನೆಲ್ಲ ಇನ್ನೊಮ್ಮೆ ಮಾಡಲೇಬೇಕು. ಹೊಸಬರನ್ನೂ ಜೊತೆಗೆ ಕರೆದುಕೊಂಡು ಮಾಡಿ. ಇಲ್ಲದಿದ್ದರೆ ತಗಣಿ ತಂದವರು ನೀವೋ ಅವರೋ ಎಂಬ ಜಗಳ ಖಂಡಿತ.

ಎರಡನೆಯದು ಕಪಾಟು. ಹಳಬರು ಎಲ್ಲಕ್ಕಿಂತ ಹೆಚ್ಚು ಅನ್ಯಾಯ ಮಾಡುವುದು ಇಲ್ಲಿಯೇ: ಬಗ್ಗಿ ತೆಗೆಯಬೇಕಾದ ಕೆಳಗಿನ ಅರೆಯನ್ನೂ ಸ್ಟೂಲ್ ಹತ್ತಿ ಮುಟ್ಟಬೇಕಾದ ಮೇಲಿನ ಅರೆಯನ್ನೂ ಕೊಟ್ಟು, ಲೆಕ್ಕಕ್ಕೆ ಎರಡು ಕೊಟ್ಟೆ ಎನ್ನುತ್ತಾರೆ. ಕಣ್ಣಿನ ಎತ್ತರಕ್ಕೆ ಬರುವ ಒಂದು ಅರೆ ಅವರ ಪಾಲಿಗೆ ಬರಲೇಬೇಕು. ಹಾಗೆಯೇ ಅವರ ಮಂಚದ ಮೇಲಿನ ಗೋಡೆಯಲ್ಲಿರುವ ನಿಮ್ಮ ಚಿತ್ರ, ವೇಳಾಪಟ್ಟಿ, ದೇವರ ಫೋಟೊ ಎಲ್ಲವೂ ನಿಮ್ಮ ಗೋಡೆಗೆ ಬರಲಿ. ಮೊಳೆ ಮತ್ತು ಅರಿವೆ ಒಣಹಾಕುವ ಹಗ್ಗದಲ್ಲಿ ಅರ್ಧ ಬಿಡಿ.

ಮಂಚಕ್ಕೊಂದು ಪ್ಲಗ್ ಪಾಯಿಂಟ್ ಇಲ್ಲದ ಕೋಣೆಗಳೇ ಹೆಚ್ಚು. ಹಾಗಿದ್ದರೆ ಇಬ್ಬರೂ ದುಡ್ಡು ಹಾಕಿ ಐಎಸ್‌ಐ ಗುರುತಿನ ಒಂದು ಎಕ್ಸ್‌ಟೆನ್ಶನ್ ಬೋರ್ಡ್ ಕೊಳ್ಳಿರಿ. ಸಂತೆಯಲ್ಲಿ ಮಾರುವ, ದಾರದಂಥ ವಯರಿನ ಬೋರ್ಡುಗಳನ್ನು ಕೋಣೆಯೊಳಗೇ ತರಬಾರದು. 1,500 ವ್ಯಾಟಿನ ನೀರು ಕಾಯಿಸುವ ಕಾಯಿಲ್ 230 ವೋಲ್ಟಿನಲ್ಲಿ ಸುಮಾರು 6.5 ಆಂಪಿಯರ್ ಎಳೆಯುತ್ತದೆ, 6 ಆಂಪಿಯರಿನ ಬೋರ್ಡ್ ಅದನ್ನು ತಡೆಯಲಾರದೆ ಬಿಸಿಯಾಗಿ ಕರಗಬಹುದು. ಕಾಯಿಲ್ ತರಬೇಡವೆನ್ನುವ ಹಾಸ್ಟೆಲ್ ನಿಯಮ ಸರಿಯಾದದ್ದೇ.

ಬೀಗದ ಎರಡನೆಯ ಕೀಲಿಯನ್ನು ಹೋದವರು ಊರಿಗೆ ಒಯ್ದಿರುತ್ತಾರೆ. ನಕಲಿ ಕೀಲಿ ಮಾಡಿಸುವ ಬದಲು ಹೊಸ ಬೀಗವನ್ನೇ ಹಾಕಿ, ಒಂದು ಕೀಲಿಯನ್ನು ಬಂದ ಕೂಡಲೇ ಅವರ ಕೈಗೆ ಕೊಡಿ ಎಂಬುದು ನನ್ನ ಗಟ್ಟಿ ಸಲಹೆ.

ಬರುವ ದಿನ ಗೇಟಿಗೆ ಹೋಗಿ ಒಂದು ಚೀಲ ಹಿಡಿಯಿರಿ, ತಂದೆತಾಯಿಗೆ ಕುರ್ಚಿ, ನೀರು ಕೊಡಿ. ನಲ್ಲಿಗೆ ನೀರು ಬರುವ ದಿನ ಮತ್ತು ಹೊತ್ತು, ಮೆಸ್ಸಿನ ಸಮಯ ಹೇಳಿ. "ಹೊಸಾ ಹುಡುಗನ್ನ ಪರಿಚಯಕ್ಕ ಕಳಸು" ಎಂದು ಹಿರಿಯ ವಿದ್ಯಾರ್ಥಿಗಳು ಅಂದು ರಾತ್ರಿ ಹೇಳಿ ಕಳಿಸಿದರೆ ಕಳಿಸಬೇಡಿ. ಅದು ರ‍್ಯಾಗಿಂಗ್‌ಗೆ ದಾರಿ; ಅದನ್ನು ತಡೆಯುವ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) 2009ರ ನಿಯಮಾವಳಿ ನಡುವರ್ಷದಲ್ಲಿ ಬಂದವರಿಗೂ ಅನ್ವಯಿಸುತ್ತದೆ. ರ‍್ಯಾಗಿಂಗ್ ತಡೆಯ ಸಹಾಯವಾಣಿ 1800-180-5522 ಸಂಖ್ಯೆಯನ್ನು ಬಾಗಿಲ ಹಿಂದೆ ಬರೆದಿಡಿ.

ಇನ್ನು ಮೊದಲ ಸಂಜೆಯ ಮಾತು. ಅದನ್ನು ಕೋಣೆಯಲ್ಲಿ ಕುಳಿತು ಆಡಬೇಡಿ, ಕೆಲಗೇರಿ ಕೆರೆಯ ಕಡೆಗೋ ಸಮೀಪದ ಚಹಾದಂಗಡಿಗೋ ನಡೆದುಕೊಂಡು ಹೋಗುತ್ತ ಆಡಿ. ಕೋಣೆಯಲ್ಲಿ ನೀವು ಯಜಮಾನರಂತೆ ಕಾಣುತ್ತೀರಿ, ಹಾದಿಯ ಮೇಲೆ ಇಬ್ಬರೂ ಸಮ. "ಹೊಂದಿಕೊಂಡು ಹೋಗೋಣು" ಎಂಬ ಮಾತಿನಿಂದ ಏನೂ ತೀರ್ಮಾನವಾಗುವುದಿಲ್ಲ. ತಾಸು, ನಿಮಿಷ ಹಿಡಿದು ಕೇಳಿ: ರಾತ್ರಿ ಎಷ್ಟಕ್ಕೆ ಮಲಗುತ್ತೀ, ಅಲಾರಾಂ ಎಷ್ಟು ಸಲ ಹೊಡೆಯುತ್ತದೆ, ಮನೆಗೆ ಫೋನು ಎಲ್ಲಿ ನಿಂತು ಮಾಡುತ್ತೀ, ಕೋಣೆಯೊಳಗೆ ತತ್ತಿ ತಿಂದರೆ ನಡೆಯುತ್ತದೆಯೇ. ಎತ್ತಿನಗುಡ್ಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುವವರು ಹೊಲದ ಪ್ರಾಯೋಗಿಕ ತರಗತಿಗೆಂದು ನಸುಕಿನಲ್ಲಿ ಏಳಬೇಕಾದೀತು, ಎಂಜಿನಿಯರಿಂಗಿನವರು ಅದೇ ಹೊತ್ತಿಗೆ ಪುಸ್ತಕ ಮುಚ್ಚುತ್ತಿರಬಹುದು. ಇಂಥ ಜೋಡಿಗೆ ಹನ್ನೊಂದಕ್ಕೆ ಟ್ಯೂಬ್‌ಲೈಟ್ ಆರಿಸಿ, ಗೋಡೆಗೆ ಮುಖಮಾಡಿದ ಸಣ್ಣ ಎಲ್‌ಇಡಿ ಟೇಬಲ್ ದೀಪ ಹಚ್ಚುವ ಕರಾರು ಸಾಕಾಗುತ್ತದೆ.

"ನೀವು ಯಾರ ಪೈಕಿ?" ಎಂದು ಮಾತ್ರ ಕೇಳಬೇಡಿ. ನಮ್ಮ ಕಡೆ ಊರು ಕೇಳಿದ ಬೆನ್ನಿಗೇ ಈ ಪ್ರಶ್ನೆ ನಾಲಗೆಗೆ ಬರುತ್ತದೆ. ಅದನ್ನು ಕೇಳಿಸಿಕೊಂಡ ರಾತ್ರಿ ಊಟಕ್ಕೇ ಬಾರದೆ ಮಲಗಿದ ಹುಡುಗರನ್ನು ನಾನು ಎಬ್ಬಿಸಿದ್ದೇನೆ. ಮನೆಯ ಬುತ್ತಿ ಬಿಚ್ಚಿ ಅವರು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರೆ ತೆಗೆದುಕೊಳ್ಳಿ. ಕೊಡದಿದ್ದರೆ ಡಬ್ಬಿ ಮುಟ್ಟಬೇಡಿ.

ಇಷ್ಟು ಮಾಡಿಯೂ ಹೊಂದದಿದ್ದರೆ ಪರೀಕ್ಷೆಯವರೆಗೆ ತಡೆಯದೆ, ಮೊದಲ ತಿಂಗಳೊಳಗೆ ಇಬ್ಬರೂ ಸಹಿ ಮಾಡಿ ವಾರ್ಡನ್‌ಗೆ ಕೋಣೆ ಬದಲಾವಣೆಯ ಅರ್ಜಿ ಕೊಡಿ. ಅದರಲ್ಲಿ ಸ್ವಭಾವ ಕೂಡುವುದಿಲ್ಲ ಎಂದಷ್ಟೇ ಬರೆದರೆ ವಾರ್ಡನ್ ಬುದ್ಧಿ ಹೇಳಿ ಕಳಿಸುತ್ತಾರೆ, ನಾನೂ ಕಳಿಸಿದ್ದೇನೆ. ಒಬ್ಬರಿಗೆ ರಾತ್ರಿ ಎರಡರವರೆಗೆ ದೀಪ ಬೇಕು, ಇನ್ನೊಬ್ಬರು ಐದಕ್ಕೆ ಏಳಬೇಕು ಎಂದು ಬರೆದ ಅರ್ಜಿ ಕೈಗೆ ಬಂದಾಗ, ನಸುಕಿನಲ್ಲಿ ಏಳುವವರ ಕೋಣೆ ಯಾವುದಿದೆ ಎಂದು ಅಂದೇ ರಜಿಸ್ಟರ್ ತೆಗೆದು ನೋಡಿದ್ದೇನೆ.