ಇಬ್ಬರ ಬೆನ್ನ ಮೇಲೆ ಹತ್ತು ಲೀಟರ್ ನೀರು

ತಿರುಗಾಟಕ್ಕೆ ಹೊರಡುವ ಹಿಂದಿನ ರಾತ್ರಿ ಪುಣೆಯ ಕಾತ್ರಜದ ನಮ್ಮ ಮನೆಯಲ್ಲಿ ಒಂದು ಕೆಲಸ ತಪ್ಪದೇ ನಡೆಯುತ್ತದೆ. ಎರಡೂ ಬ್ಯಾಗ್ ತುಂಬಿ, ಕೊಕ್ಕೆ ತಕ್ಕಡಿಗೆ ನೇತುಹಾಕಿ ತೂಗುತ್ತೇವೆ. ನನ್ನದು ಏಳು ಕಿಲೋ ದಾಟಬಾರದು, ನಮ್ಮವರದು ಒಂಬತ್ತು. ಇದು ನೀರು ಹಾಕುವ ಮೊದಲಿನ ತೂಕ. ಮರುಭೂಮಿಯಲ್ಲಿ ನಡೆಯುವುದಾದರೆ ಇದರ ಮೇಲೆ ಒಬ್ಬೊಬ್ಬರಿಗೆ ದಿನಕ್ಕೆ ಐದು ಲೀಟರ್ ನೀರು. ಲೀಟರಿಗೆ ಒಂದು ಕಿಲೋ. ಬಟ್ಟೆ ಕಮ್ಮಿ ಮಾಡಬಹುದು, ಪುಸ್ತಕ ಬಿಡಬಹುದು. ನೀರಿನಲ್ಲಿ ಮಾತ್ರ ಕೈ ಹಿಡಿಯುವ ಹಾಗಿಲ್ಲ.

ನಾವಿಬ್ಬರೂ ವಿಜಯಪುರದವರು. ನಳ ಬರುವ ದಿನ ಮನೆಮಂದಿಯೆಲ್ಲ ಕೊಡ ಹಿಡಿದು ನಿಲ್ಲುತ್ತಿದ್ದ ಕಾಲ ಕಂಡವರು. ಅದಕ್ಕೇ ಇರಬೇಕು, ಯಾವ ಊರಿಗೆ ಹೋದರೂ ನಮ್ಮ ಕಣ್ಣು ಮೊದಲು ಹೋಗುವುದು ನೀರಿನ ಕಡೆ. ಇಲ್ಲಿ ಜನ ಏನು ಕುಡಿಯುತ್ತಿದ್ದರು, ಎಲ್ಲಿಂದ ತರುತ್ತಿದ್ದರು ಅಂತ. ಹನ್ನೊಂದು ವರ್ಷದಿಂದ ಹೀಗೇ ತಿರುಗುತ್ತಿದ್ದೇವೆ. ಬೇರೆ ಯಾವ ಗೈಡ್ ಪುಸ್ತಕವೂ ನಮಗೆ ಇಷ್ಟು ತೋರಿಸಿಲ್ಲ.

ಮೊದಲು ಮರುಭೂಮಿಯ ಮಾತು. ಪುಣೆಯಿಂದ ರೈಲಿನಲ್ಲಿ ಜೋಧಪುರ, ಅಲ್ಲಿಂದ ಜೈಸಲ್ಮೇರ್. ಊರಿನಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಸಮ್ ಮರಳುದಿಬ್ಬಗಳು. ಅಲ್ಲಿ ಜೀಪು, ಟೆಂಟು, ಹಾಡು, ಗದ್ದಲ. ನಾವು ಆರಿಸಿಕೊಂಡಿದ್ದು ನೈಋತ್ಯಕ್ಕಿರುವ ಖೂರಿ ಎಂಬ ಹಳ್ಳಿ. ಹೋಗುವುದಾದರೆ ಡಿಸೆಂಬರ್ ಇಲ್ಲಾ ಜನವರಿ. ಹಗಲು ಬಿಸಿಲು ತಡೆಯಬಹುದು, ಆದರೆ ರಾತ್ರಿ ಹಲ್ಲು ಕಟಕಟ ಅನ್ನುತ್ತದೆ. ಬೆಳಗ್ಗೆ ಏಳಕ್ಕೆ ಹೊರಟು ಹನ್ನೊಂದಕ್ಕೆಲ್ಲ ನೆರಳು ಹಿಡಿಯಬೇಕು. ಮತ್ತೆ ಮೂರೂವರೆಯಿಂದ ಹೊತ್ತು ಮುಳುಗುವತನಕ ನಡಿಗೆ. ದಿನಕ್ಕೆ ಹನ್ನೆರಡು ಕಿಲೋಮೀಟರ್ ಸಾಕು. ಮರಳಿನಲ್ಲಿ ಅದು ಇಪ್ಪತ್ತರ ಹಾಗಿರುತ್ತದೆ. ಶೂ ಒಂದು ಸೈಜ್ ದೊಡ್ಡದಿರಲಿ, ಪಾದ ಊದಿಕೊಳ್ಳುತ್ತದೆ.

ಮೊದಲ ಸಲ ಒಂಟೆ ಜೊತೆಗಿತ್ತು. ನೀರೆಲ್ಲ ಅದರ ಮೇಲೆ, ನಾವು ಆರಾಮಾಗಿ ನಡೆದೆವು. ಎರಡನೇ ಸಲ ಒಂಟೆ ಬೇಡ, ನಾವೇ ಹೊರೋಣ ಅಂದುಕೊಂಡೆವು. ದಾರಿ ಬಲ್ಲ ಖೂರಿಯ ಒಬ್ಬರನ್ನು ಮಾತ್ರ ಕರೆದುಕೊಂಡೆವು. ಅವರು ಬೇಡವೇ ಬೇಡ ಅನ್ನುವ ಧೈರ್ಯ ನಮಗೆ ಇವತ್ತಿಗೂ ಇಲ್ಲ, ಯಾರಿಗೂ ಇರಬಾರದು ಅಂತಲೇ ಹೇಳುತ್ತೇನೆ. ದಿಬ್ಬಗಳು ಒಂದರ ಹಾಗೇ ಇನ್ನೊಂದು. ಗಡಿಯ ಕಡೆ ಪರವಾನಗಿ ಇಲ್ಲದೆ ಹೋಗಬಾರದ ಜಾಗಗಳೂ ಇವೆ.

ಆ ಸಲ ಎರಡನೇ ರಾತ್ರಿ ನನಗೆ ಎಚ್ಚರವಾಯಿತು. ಬೆನ್ನಡಿ ತಣ್ಣಗೆ ಹತ್ತಿತು. ಟಾರ್ಚ್ ಹಾಕಿ ನೋಡಿದರೆ ಮಲಗುವ ಚೀಲದ ಒಂದು ಬದಿ ಪೂರ್ತಿ ಒದ್ದೆ. ನೀರಿನ ಮೆತ್ತನೆ ಚೀಲದ ಮುಚ್ಚಳ ನಾನೇ ತಿರುಗಿಸಿದ್ದೆ, ಸರಿಯಾಗಿ ಕೂತಿರಲಿಲ್ಲ.

"ರೀ, ಏಳ್ರಿ, ನೀರು ಸೋರ್ಯಾವ" ಅಂದೆ.

ಅವರು ಎದ್ದು ಮೊದಲು ಮಾಡಿದ ಕೆಲಸ ಚೀಲ ಎತ್ತಿ ಹಿಡಿದದ್ದು. ಮೂರು ಲೀಟರಿನಲ್ಲಿ ಒಂದು ಲೋಟದಷ್ಟು ಉಳಿದಿತ್ತು. ಮರಳು ಎಷ್ಟು ಬೇಗ ಕುಡಿಯುತ್ತದೆ ಅಂದರೆ ಕೈ ಹಾಕಿದರೆ ಮೇಲೆ ಬರೀ ತಂಪು, ಹಸಿ ಇಲ್ಲ. ಬೆಳಗಿನತನಕ ಒಂದೇ ಕಂಬಳಿಯಲ್ಲಿ ಕೂತೆವು. ಅವತ್ತಿನಿಂದ ನಾವು ಎಲ್ಲ ನೀರನ್ನೂ ಒಂದೇ ಚೀಲದಲ್ಲಿ ಇಡುವುದಿಲ್ಲ. ಒಂದೊಂದು ಲೀಟರಿನ ಸಾದಾ ಬಾಟಲಿ, ಹತ್ತು. ಮಲಗುವಾಗ ತಲೆಕೆಳಗು ಮಾಡಿ ಒಂದೊಂದನ್ನೂ ಹಿಚುಕಿ ನೋಡುತ್ತೇವೆ.

ಮರುದಿನ ಜೊತೆಗಿದ್ದವರು ದಾರಿ ಬದಲಿಸಿ ಒಂದು ಧಾಣಿಗೆ ಕರೆದೊಯ್ದರು. ಧಾಣಿ ಅಂದರೆ ನಾಲ್ಕಾರು ಗುಡಿಸಲುಗಳ ಪುಟ್ಟ ವಸ್ತಿ. ಅಂಗಳದಾಚೆ ದುಂಡನೆ ಗಾರೆ ಕಟ್ಟೆ, ನಡುವೆ ಸಣ್ಣ ಕಬ್ಬಿಣದ ಮುಚ್ಚಳ, ಅದಕ್ಕೆ ಬೀಗ. ಅದೇ ಟಾಂಕಾ. ನೆಲದೊಳಗಿನ ನೀರಿನ ಹೌದ, ಅಂದರೆ ತೊಟ್ಟಿ. ಸುತ್ತಲಿನ ನೆಲವನ್ನು ಬಟ್ಟಲಿನ ಹಾಗೆ ಒಳಮುಖ ಇಳಿಜಾರು ಮಾಡಿರುತ್ತಾರೆ, ಬಿದ್ದ ಮಳೆಯೆಲ್ಲ ಕಿಂಡಿಗಳಿಂದ ಒಳಗೆ ಹೋಗಲಿ ಅಂತ. ಆ ಇಳಿಜಾರಿಗೆ ಅಗೋರ ಅನ್ನುತ್ತಾರೆ. ನಾನು ಕಾಲಿಡುವಷ್ಟರಲ್ಲಿ ಜೊತೆಗಿದ್ದವರು ತಡೆದರು. ಶೂ ಬಿಚ್ಚಬೇಕಂತೆ. ಕುಡಿಯುವ ನೀರು ಹರಿದು ಬರುವ ನೆಲ ಅದು, ಅಲ್ವಾ.

ಮನೆಯ ಅಜ್ಜಿ ಸೊಂಟದಿಂದ ಕೀಲಿ ತೆಗೆದರು. ಬಕೆಟ್ ಇಳಿಸಿ, ಎತ್ತಿ, ಮಡಿಚಿದ ಬಟ್ಟೆಯಲ್ಲಿ ಸೋಸಿ ನಮ್ಮ ಬಾಟಲಿ ತುಂಬಿಸಿದರು. ಬಟ್ಟೆಯ ತುದಿಯಿಂದ ಉದುರುವ ಕೊನೆಯ ಹನಿಗಳನ್ನೂ ಪಕ್ಕದ ಮಣ್ಣಿನ ತಟ್ಟೆಗೆ ಹಿಂಡಿದರು, ಹಕ್ಕಿಗಳಿಗೆ. ಜೈಸಲ್ಮೇರ್ ಸುತ್ತ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿಲಿಮೀಟರ್. ಪುಣೆಯಲ್ಲಿ ಅದರ ಮೂರು ಪಟ್ಟಿಗೂ ಜಾಸ್ತಿ ಬೀಳುತ್ತದೆ. ನಾನು ಬಟ್ಟೆ ಹಿಂಡಿದ್ದು ನೆನಪಿಲ್ಲ.

ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ನಮ್ಮ ಹತ್ತಿರ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದವು. ಮರುಭೂಮಿಗೆ ಇದಕ್ಕಿಂತ ಒಳ್ಳೇ ಬುತ್ತಿ ನನಗೆ ಗೊತ್ತಿಲ್ಲ. ಹಗುರ, ಕೆಡುವುದಿಲ್ಲ, ಬೇಯಿಸಲು ನೀರು ಕೇಳುವುದಿಲ್ಲ. ಅಜ್ಜಿ ರೊಟ್ಟಿ ಮುರಿದು ಸದ್ದು ಕೇಳಿ ನಕ್ಕರು. ಅವರು ಕೊಟ್ಟದ್ದು ಸಜ್ಜೆ ರೊಟ್ಟಿ, ಕೇರ್ ಸಾಂಗ್ರಿ ಪಲ್ಯ. ಸಾಂಗ್ರಿ ಯಾವ ಗಿಡದ ಕಾಯಿ ಅಂತ ಕೇಳಿದೆ. ಹಿತ್ತಲಿನ ಖೇಜ್ರಿ ತೋರಿಸಿದರು. ನಮ್ಮವರು ಎಲೆ ಮುಟ್ಟಿ ನೋಡಿ, "ಏ, ಇದು ನಮ್ಮ ಬನ್ನಿ ಅಲ್ಲೇನ?" ಅಂದರು. ಹೌದು, ಬನ್ನಿ. ಪ್ರತಿ ದಸರೆಗೆ ಎಲೆ ಕೊಟ್ಟು "ಬಂಗಾರದಂಗ ಇರೋಣ" ಅಂದ ಮರ. ಕಾಯಿ ತಿಂದದ್ದು ಅವತ್ತೇ ಮೊದಲು. ಜೋಧಪುರದ ಹತ್ತಿರ ಖೇಜಡಲಿ ಎಂಬ ಹಳ್ಳಿಯಲ್ಲಿ 1730ರಲ್ಲಿ ಈ ಮರಗಳನ್ನು ಕಡಿಯಲು ಬಂದಾಗ ಅಮೃತಾದೇವಿ ಮತ್ತು ಬಿಷ್ಣೋಯಿ ಜನ ಮರ ತಬ್ಬಿ ನಿಂತರು. 363 ಮಂದಿ ಜೀವ ಕೊಟ್ಟರು. ಓದಿ ತಿಳಿದಿದ್ದ ಆ ಕತೆ, ಆ ಪಲ್ಯ ಉಂಡ ಮೇಲೆ ಬೇರೆ ತೂಕದ್ದಾಯಿತು.

ಜೈಸಲ್ಮೇರ್ ಕೋಟೆಯೊಳಗೆ ನಾವು ಉಳಿಯಲಿಲ್ಲ. ಇದನ್ನು ಮನಸಿಟ್ಟು ಹೇಳುತ್ತಿದ್ದೇನೆ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಕೋಟೆ ಅದು, ಇವತ್ತಿಗೂ ಒಳಗೆ ಜನ ವಾಸ ಮಾಡುತ್ತಾರೆ. ಕೊಡದಲ್ಲಿ ಹೊತ್ತು ತಂದ ನೀರಿನಲ್ಲಿ ಬದುಕುವ ಊರಿಗಾಗಿ ಕಟ್ಟಿದ್ದು. ಆಮೇಲೆ ನಳ ಬಂತು, ಹೋಟೆಲ್ ಬಂದವು, ಸ್ನಾನಕ್ಕೆ ಶವರ್ ಬಂತು. ಹರಿದು ಹೋಗದ ನೀರು ಕೆಳಗೆ ಇಳಿದು ಗುಡ್ಡದ ಬುಡ ಮೆತ್ತಗಾಯಿತು, ಕೆಲವು ಬುರುಜುಗಳು ಕುಸಿದವು. ನಾವು ಕೆಳಗಿನ ಊರಲ್ಲಿ ಕೋಣೆ ಹಿಡಿದು ಬೆಳಗ್ಗೆ ಬೇಗ ಹತ್ತಿ ಹೋದೆವು. ಜೈನ ಬಸದಿಗಳ ಕೆತ್ತನೆ ನೋಡಿ, ಬಾಟಲಿ ತುಂಬಿಸದೇ ಇಳಿದೆವು. ಅಲ್ಲಿಂದ ಗಡೀಸರ್ ಕೆರೆ ಹತ್ತಿರ. ಈ ಊರಿಗೆ ನೂರಾರು ವರ್ಷ ನೀರು ಕೊಟ್ಟ ಕೆರೆ. ಕೋಟೆಗಿಂತ ಹೆಚ್ಚು ಹೊತ್ತು ಅಲ್ಲಿಯೇ ಕೂತೆವು.

ಹಳೇ ಊರುಗಳಲ್ಲಿ ತಿರುಗುವುದು ಮರಳಿಗಿಂತ ಸುಲಭ, ಆದರೆ ಅವಸರ ಮಾಡಿದರೆ ಏನೂ ದಕ್ಕುವುದಿಲ್ಲ. ಜೋಧಪುರದಲ್ಲಿ ಮೆಹರಾನ್‌ಗಢ ಕೋಟೆ ನೋಡಿ, ತೂರಜಿ ಕಾ ಝಾಲ್ರಾ ಎಂಬ ಮೆಟ್ಟಿಲ ಬಾವಿಯ ಬದಿ ಒಂದು ಸಂಜೆ. ಅಹಮದಾಬಾದಿಗೆ ಮೂರು ದಿನ ಇಟ್ಟುಕೊಂಡಿದ್ದೆವು, ಅದೂ ಕಮ್ಮಿಯಾಯಿತು. 1411ರಲ್ಲಿ ಹುಟ್ಟಿದ ಈ ಊರು 2017ರಲ್ಲಿ ಭಾರತದ ಮೊದಲ ವಿಶ್ವ ಪರಂಪರೆ ನಗರ ಅನಿಸಿಕೊಂಡಿತು. ಅಲ್ಲಿನ ಪೋಳ್ ಅಂದರೆ ಒಂದೇ ಬಾಗಿಲಿನ ಓಣಿ, ಒಳಗೆ ಗೋಡೆಗೆ ಗೋಡೆ ಹತ್ತಿದ ಮನೆಗಳು. ಒಂದು ಮನೆಯವರು ಒಳಗೆ ಕರೆದು, ನಡುಅಂಗಳದ ಒಂದು ಮುಚ್ಚಳ ಎತ್ತಿ ತೋರಿಸಿದರು. ಮಾಳಿಗೆಯ ಮಳೆನೀರು ಅಲ್ಲಿಗೆ ಇಳಿಯುತ್ತದೆ.

"ಇದಕ್ಕೇನಂತೀರಿ?" ಅಂದೆ.

"ಟಾಂಕಾ."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮರಳಿನ ನಡುವಿನ ಅಜ್ಜಿಯ ಮಾತೇ ಇಲ್ಲಿ, ಕೆತ್ತಿದ ಮರದ ಕಂಬಗಳ ಮನೆಯಲ್ಲಿ. ಮರುದಿನ ಅಡಾಲಜ್ ಮೆಟ್ಟಿಲ ಬಾವಿಗೆ ಹೋದೆವು. ಐದು ಅಂತಸ್ತು ಕೆಳಗೆ ಇಳಿಯುತ್ತದೆ, ಒಂದೊಂದು ಅಂತಸ್ತಿಗೂ ಗಾಳಿ ತಂಪಾಗುತ್ತ ಹೋಗುತ್ತದೆ. ಮಧ್ಯಾಹ್ನವೇ ಹೋಗಿ, ಆಗಲೇ ಆ ತಂಪಿನ ಬೆಲೆ ತಿಳಿಯುವುದು.

ಇಷ್ಟೆಲ್ಲ ತಿರುಗಿ ಬಂದ ಮೇಲೆ ಪುಣೆಯಲ್ಲಿ ನಮ್ಮದೇ ಮನೆ ಹಿಂದಿನ ಕೆರೆ ಕಣ್ಣಿಗೆ ಬಿತ್ತು. 18ನೇ ಶತಮಾನದಲ್ಲಿ ನಾನಾಸಾಹೇಬ ಪೇಶ್ವೆ ಕಾಲದಲ್ಲಿ ಕಾತ್ರಜ ಕೆರೆಯಿಂದ ಪೇಶ್ವೆಯರ ಅರಮನೆ ಶನಿವಾರವಾಡಾದವರೆಗೆ ನೆಲದಡಿ ಕಾಲುವೆ ಕಟ್ಟಿ ನೀರು ಒಯ್ದಿದ್ದರು. ಪಂಪು ಇಲ್ಲ, ಬರೀ ಇಳಿಜಾರು. ಪೇಟೆಗಳಲ್ಲಿ ಆ ನೀರು ತುಂಬುವ ಕಲ್ಲಿನ ತೊಟ್ಟಿಗಳಿದ್ದವು. ಮರಾಠಿಯಲ್ಲಿ ಅವಕ್ಕೂ ಹೌದ ಅಂತಲೇ ಹೆಸರು. ನಾನಾ ಹೌದ, ಕಾಳಾ ಹೌದ. ವಿಜಯಪುರದ ನಮ್ಮ ಮನೆಯಲ್ಲಿ ಅವ್ವ "ಹೌದ ತುಂಬೇತೇನ ನೋಡು" ಅನ್ನುತ್ತಿದ್ದ ಅದೇ ಮಾತು. ಅಲ್ಲಿಯೂ ಬೇಗಂ ತಾಲಾಬ ಎಂಬ ಕೆರೆಯಿಂದ ಊರೊಳಗೆ ಮಣ್ಣಿನ ಕೊಳವೆಗಳಲ್ಲಿ ನೀರು ಬರುತ್ತಿತ್ತು. ಒತ್ತಡ ತಗ್ಗಿಸಲು ನಡುನಡುವೆ ಕಟ್ಟಿದ ಗಂಜ್ ಎಂಬ ಗೋಪುರಗಳ ನೆರಳಲ್ಲಿ ನಾವು ಗೋಲಿ ಆಡಿದ್ದೆವು. ಅವು ಯಾಕಿವೆ ಅಂತ ಒಮ್ಮೆಯೂ ಕೇಳಿರಲಿಲ್ಲ.

ಮೊನ್ನೆ ದೀಪಾವಳಿಗೆ ಊರಿಗೆ ಹೋದಾಗ ಅತ್ತೆಯವರನ್ನು ತಾಜ್ ಬಾವಡಿ ಎಂಬ ಹಳೇ ಮೆಟ್ಟಿಲ ಬಾವಿಗೆ ಕರೆದುಕೊಂಡು ಹೋದೆವು. ಮೆಟ್ಟಿಲ ಮೇಲೆ ಕೂತು ಅವರು ತಮ್ಮ ಚಿಕ್ಕಂದಿನ ನೀರಿನ ಪಾಳಿಯ ಕತೆ ಹೇಳಿದರು, ಒಂದು ತಾಸು. ಡಿಸೆಂಬರಿನಲ್ಲಿ ಬೀದರಿಗೆ ಹೊರಟಿದ್ದೇವೆ, ಬಹಮನಿಯರ ಕಾಲದ ನೆಲದಡಿಯ ನೀರಿನ ಸುರಂಗ, ಕರೇಜ್ ನೋಡಲು. ಈ ಸಲ ಅವರೂ ಬರುತ್ತಾರೆ. ಅವರ ಬ್ಯಾಗಿನ ತೂಕ ನೋಡಿದ್ದೇವೆ, ನಾಲ್ಕು ಕಿಲೋ. ಅದರಲ್ಲಿ ಎರಡು ಬರೀ ಖಡಕ್ ರೊಟ್ಟಿ.