ಡ್ರಿಲ್ ಇಲ್ಲದೆ, ಶಾಲೆಯ ಬೆಂಚಿನ ಮೇಲೆಯೇ ಹುಳುಕು ಹಲ್ಲಿನ ಚಿಕಿತ್ಸೆ

ದಂತವೈದ್ಯರೇ ಸಿಗದ ಊರುಗಳ ಶಾಲೆಗಳಿಗೆ ಹೋಗಿ ಮಕ್ಕಳ ಹುಳುಕು ಹಲ್ಲಿಗೆ ಚಿಕಿತ್ಸೆ ಕೊಡುವುದು ನನ್ನ ಕೆಲಸ. ಬಾಯಿ ನೋಡಿ, ಚೀಟಿ ಬರೆದುಕೊಟ್ಟು ಹೊರಟುಬಿಡುವ ಶಿಬಿರಗಳಲ್ಲಿ ನನಗೆ ನಂಬಿಕೆಯಿಲ್ಲ. ಆ ಚೀಟಿ ಹಿಡಿದು ದೂರದ ಆಸ್ಪತ್ರೆಗೆ ಹೋಗಬೇಕಾದರೆ ತಾಯಿಯೋ ತಂದೆಯೋ ಒಂದು ದಿನದ ದುಡಿಮೆ ಬಿಡಬೇಕು. ಕೆನ್ನೆ ಊದಿಕೊಳ್ಳುವ ತನಕ ಯಾರೂ ಹೊರಡುವುದಿಲ್ಲ. ಅಷ್ಟರಲ್ಲಿ ಹಲ್ಲು ಉಳಿಸುವ ಕಾಲ ಮೀರಿರುತ್ತದೆ. ಹಾಗಾಗಿ ಪೋಷಕರ ಒಪ್ಪಿಗೆಯನ್ನು ಮೊದಲೇ ಪಡೆದು, ತಪಾಸಣೆ ಮಾಡಿದ ದಿನವೇ ಚಿಕಿತ್ಸೆಯನ್ನೂ ಮುಗಿಸುತ್ತೇನೆ.

ನಾನು ಹೆಚ್ಚು ನೆಚ್ಚಿಕೊಂಡಿರುವುದು ಹುಳುಕು ಮುಂದುವರಿಯದಂತೆ ತಡೆಯಲು ಹಲ್ಲಿಗೆ ಹಚ್ಚುವ, ಶೇಕಡಾ 38ರ ಸಿಲ್ವರ್ ಡೈಅಮೈನ್ ಫ್ಲೋರೈಡ್ ದ್ರಾವಣವನ್ನು. ಅದರಲ್ಲಿರುವ ಬೆಳ್ಳಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಫ್ಲೋರೈಡ್ ಮೆತ್ತಗಾದ ಹಲ್ಲನ್ನು ಗಟ್ಟಿ ಮಾಡುತ್ತದೆ. ಚುಚ್ಚುಮದ್ದು ಬೇಡ, ಡ್ರಿಲ್ ಬೇಡ, ವಿದ್ಯುತ್ತೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು 2021ರಲ್ಲಿ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನ್ಯೂಯಾರ್ಕ್ ನಗರದ ಪ್ರಾಥಮಿಕ ಶಾಲೆಗಳಲ್ಲಿ ನಡೆದ ದೊಡ್ಡ ಪ್ರಯೋಗವೊಂದರಲ್ಲಿ, ಇದು ಸೀಲೆಂಟ್ (ಹುಳುಕಾಗದಂತೆ ಹಲ್ಲಿನ ಗೀರುಗಳಿಗೆ ಹಚ್ಚುವ ಲೇಪನ) ಹಾಗೂ ಡ್ರಿಲ್ ಇಲ್ಲದ ಫಿಲ್ಲಿಂಗ್‌ಗೆ ಸರಿಸಮನಾಗಿ ನಿಂತಿತು.

ಹಚ್ಚುವ ಕ್ರಮ ಸರಳ, ಆದರೆ ಅವಸರ ಸಲ್ಲದು. ಮೊದಲು ಮಗುವಿನ ತುಟಿಗೂ ಸುತ್ತಲಿನ ಚರ್ಮಕ್ಕೂ ವ್ಯಾಸಲೀನ್ ಸವರುತ್ತೇನೆ. ದ್ರಾವಣ ಚರ್ಮಕ್ಕೆ ತಾಗಿದರೆ ಕಂದು ಕಲೆ ಬಿದ್ದು, ಮಾಸಲು ಒಂದೆರಡು ವಾರ ಬೇಕಾಗುತ್ತದೆ. ಕುಳಿಯಲ್ಲಿ ಸಿಕ್ಕಿಕೊಂಡ ಆಹಾರವನ್ನು ತೆಗೆದು, ಕೆನ್ನೆಯ ಬದಿಗೆ ಹತ್ತಿಯ ಸುರುಳಿ ಇಟ್ಟು ಹಲ್ಲನ್ನು ಚೆನ್ನಾಗಿ ಒಣಗಿಸಬೇಕು. ಜೊಲ್ಲು ಸೇರಿದರೆ ಮದ್ದು ತೆಳುವಾಗಿ ಕೆಲಸ ಕೆಡುತ್ತದೆ. ಸಣ್ಣ ಬ್ರಷ್ಷಿನ ತುದಿಯನ್ನು ದ್ರಾವಣದಲ್ಲಿ ಅದ್ದಿ, ಕುಳಿಯೊಳಗೆ ಸುಮಾರು ಒಂದು ನಿಮಿಷ ಉಜ್ಜುತ್ತೇನೆ. ಹಲವು ಹಲ್ಲುಗಳಿಗೆ ಒಂದೇ ಹನಿ ಸಾಕು. ಬಾಯಿಗೆ ಲೋಹದ ರುಚಿ ಬರುತ್ತದೆ ಎಂದು ಮೊದಲೇ ಹೇಳಿಟ್ಟರೆ ಮಕ್ಕಳು ಬೆಚ್ಚುವುದಿಲ್ಲ. “ಸೂಜಿ ಚುಚ್ಚುತ್ತೀರಾ ಡಾಕ್ಟರ್?” ಎಂದು ಬಾಯಿ ಬಿಗಿಹಿಡಿದು ಕುಳಿತ ಹುಡುಗನಿಗೆ ಬ್ರಷ್ಷನ್ನು ಉಗುರಿನ ಮೇಲೆ ಆಡಿಸಿ ತೋರಿಸಿದರೆ ಸಾಕು, ಬಾಯಿ ತಾನಾಗಿ ತೆರೆಯುತ್ತದೆ.

ಕಷ್ಟವಿರುವುದು ಬಣ್ಣದಲ್ಲಿ. ಹುಳುಕು ನಿಂತ ಜಾಗ ಕಪ್ಪಾಗುತ್ತದೆ, ಆ ಕಪ್ಪು ಹೋಗುವುದಿಲ್ಲ. ಇದನ್ನು ಒಪ್ಪಿಗೆ ಪತ್ರದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದು ಕೈತೊಳೆದುಕೊಳ್ಳುವುದು ಅನ್ಯಾಯ. ಪೋಷಕರ ಸಭೆಯಲ್ಲಿ ಹಚ್ಚುವ ಮೊದಲಿನ ಮತ್ತು ನಂತರದ ಫೋಟೋಗಳನ್ನು ಕೈಗೆ ಕೊಟ್ಟು ನೋಡಿಸುತ್ತೇನೆ. “ಮಗಳ ಹಲ್ಲು ಕಪ್ಪಾದರೆ ನಾಲ್ಕು ಜನ ಏನೆಂದಾರು?” ಎಂದು ತಾಯಿಯೊಬ್ಬರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಹಿಂದಿನ ದವಡೆ ಹಲ್ಲಾದರೆ ಯಾರಿಗೂ ಕಾಣುವುದಿಲ್ಲ, ಹಾಲು ಹಲ್ಲಾದರೆ ಒಂದು ದಿನ ಬಿದ್ದುಹೋಗುತ್ತದೆ ಎಂದು ವಿವರಿಸುತ್ತೇನೆ. ಮುಂದಿನ ಹಲ್ಲಿಗೆ ಬೇರೆಯೇ ಸಹಿ ಕೇಳುತ್ತೇನೆ. ಬೇಡವೆಂದರೆ ಬೇರೆ ದಾರಿ ನೋಡುತ್ತೇನೆ, ಒತ್ತಾಯ ಮಾಡುವುದಿಲ್ಲ.

ನಾನು ಅತಿ ಹೆಚ್ಚು ಚಿಂತೆ ಮಾಡುವುದು ಆರನೆಯ ವಯಸ್ಸಿನ ಆಸುಪಾಸಿನಲ್ಲಿ ಬರುವ ಶಾಶ್ವತ ದವಡೆ ಹಲ್ಲಿನ ಬಗ್ಗೆ. ಯಾವ ಹಾಲು ಹಲ್ಲೂ ಬೀಳದೆ, ಎಲ್ಲಕ್ಕಿಂತ ಹಿಂದೆ ಸದ್ದಿಲ್ಲದೆ ಮೂಡುವುದರಿಂದ ಮನೆಯವರು ಅದನ್ನೂ ಹಾಲು ಹಲ್ಲೆಂದೇ ತಿಳಿಯುತ್ತಾರೆ. ಹುಳುಕಾದರೆ “ಹೇಗೂ ಬೀಳುತ್ತದಲ್ಲ” ಎಂದು ಬಿಟ್ಟುಬಿಡುತ್ತಾರೆ. ಜೀವನಪೂರ್ತಿ ಅಗಿಯಬೇಕಾದ ಹಲ್ಲು ಅದು! ಪ್ರತಿ ಸಭೆಯಲ್ಲೂ ಒಂದು ಮಗುವನ್ನು ಕರೆದು, ಕನ್ನಡಿ ಹಿಡಿದು ಆ ಹಲ್ಲನ್ನು ಎಲ್ಲರಿಗೂ ತೋರಿಸುತ್ತೇನೆ.

ಕುಳಿ ದೊಡ್ಡದಾಗಿದ್ದು ಆಹಾರ ಸಿಕ್ಕಿಕೊಳ್ಳುವಂತಿದ್ದರೆ, ಕೈ ಉಪಕರಣದಿಂದ ಅಂಚುಗಳ ಕೊಳೆತ ಭಾಗವನ್ನು ಕೆರೆದು ಗ್ಲಾಸ್ ಅಯನೋಮರ್ ಎಂಬ ದಂತ ಸಿಮೆಂಟ್ ತುಂಬಿ ಬೆರಳಿನಿಂದ ಒತ್ತುತ್ತೇನೆ. ನರಕ್ಕೆ ಹತ್ತಿರವಿರುವ ತಳವನ್ನು ಕೆದಕುವುದಿಲ್ಲ. ಆಮೇಲೆ ಒಂದು ಗಂಟೆ ಏನನ್ನೂ ತಿನ್ನಬಾರದು ಎಂದು ತರಗತಿಯ ಶಿಕ್ಷಕರಿಗೂ ಹೇಳಿ ಬರುತ್ತೇನೆ.

ಎಲ್ಲ ಹಲ್ಲಿಗೂ ಇದು ಮದ್ದಲ್ಲ. ವಸಡಿನಲ್ಲಿ ಕೀವಿನ ಗುಳ್ಳೆ ಎದ್ದಿದ್ದರೆ, ರಾತ್ರಿ ತಾನಾಗಿ ನೋವು ಬಂದು ಮಗು ಎಚ್ಚರಗೊಳ್ಳುತ್ತಿದ್ದರೆ ಸೋಂಕು ನರ ಮುಟ್ಟಿದೆ ಎಂದರ್ಥ. ಬೆಳ್ಳಿಯ ಅಲರ್ಜಿ ಇರುವವರಿಗೂ ಹಚ್ಚಬಾರದು. ಸೋಂಕಿನ ಮಕ್ಕಳ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದುಕೊಂಡು, ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡಿ, ಅಂದು ಕರೆದೊಯ್ಯುವವರು ಯಾರು ಎಂಬುದನ್ನೂ ನಿಶ್ಚಯಿಸಿಕೊಂಡೇ ಶಾಲೆಯಿಂದ ಹೊರಡುತ್ತೇನೆ.

ಆರು ತಿಂಗಳ ನಂತರ ಅದೇ ಶಾಲೆಗೆ ಮತ್ತೆ ಹೋಗಬೇಕು. ಹುಳುಕು ನಿಂತಿದ್ದರೆ ಕುಳಿ ಕಪ್ಪಾಗಿ ಹೊಳೆಯುತ್ತದೆ, ಉಪಕರಣ ಮೆಲ್ಲನೆ ತಾಗಿಸಿದರೆ ಗಾಜಿನಂತೆ ಗಟ್ಟಿ. ಇನ್ನೂ ಮೆತ್ತಗಿದ್ದರೆ ಮತ್ತೊಮ್ಮೆ ಹಚ್ಚುತ್ತೇನೆ. ಅಂದೇ ಹಲ್ಲುಜ್ಜುವ ಪಾಠವೂ ಆಗುತ್ತದೆ: ಬಟಾಣಿ ಗಾತ್ರದ ಫ್ಲೋರೈಡ್ ಪೇಸ್ಟ್, ದಿನಕ್ಕೆ ಎರಡು ಸಲ, ಉಜ್ಜಿದ ಮೇಲೆ ಉಗುಳುವುದಷ್ಟೇ, ನೀರು ಹಾಕಿ ಮುಕ್ಕಳಿಸುವುದು ಬೇಡ.